ಗೇಟು ಹಾಕಿಸಿದ ಸಂಜೆ

ಒಗ್ಗರಣೆಯ ವಾಸನೆ ಆಫೀಸು ರೂಮಿನವರೆಗೂ ಬಂದಿದೆ, ಸಾಸಿವೆ ಒಸಿ ಸೀದಂತಿದೆ, ಅಡುಗೆಯವಳಿಗೆ ಹೇಳಬೇಕು, ಮಕ್ಕಳು ಹಸಿದಿವೆ ಉಪ್ಪಿಟ್ಟು ಮಾಡು ಅಂದದ್ದು ತಾನೇ ಅಲ್ಲವೆ ಅಂದುಕೊಂಡಳು ಹೆಡ್‌ಮಿಸ್ಸು ಗಂಗಲಕ್ಷ್ಮಮ್ಮ, ಆಮೇಲೆ ಅವಳಿಗೇ ಗಾಬರಿಯಾಯಿತು, ಎದುರಿಗೆ ಫಾರೆಸ್ಟ್ ವಾಚರ್ ಕೆಂಚಯ್ಯ ಇಂಥ ಸುದ್ದಿ ಹೇಳಿ ನಿಂತಿರುವಾಗ ಸಾಸಿವೆಯ ಯೋಚನೆ ಹೇಗೆ ಬಂತು ತನಗೆ — ಚೆಲುವಯ್ಯ ಹೋಗ್ಬುಟ್ಟ ಮೇಡಂ, ಹುಣಸೆಮರದ ತಿರುವಲ್ಲಿ, ಒಂಟಿ ಸಲಗ, ಗಾಡಿ ತಿರುಗಿಸ್ಕೊಳಕೂ ಬುಡ್ನಿಲ್ಲ. ಯಾವ ಚೆಲುವಯ್ಯ ಅಂತ ಕೇಳಿದ್ದಳು, ಗೊತ್ತಿದ್ದೂ ಕೇಳಿದ್ದಳು, ಬೇರೆ ಯಾರಾದರೂ ಚೆಲುವಯ್ಯ ಇರಲಿ ಅಂತ. ಒಂಬತ್ತನೇ ಕ್ಲಾಸಿನ ಮಾದೇವಿಯ ಅಪ್ಪ, ಸ್ಕೂಲಿನ ತೆಂಗಿನ ಗಿಡಗಳಿಗೆ ತಾನಾಗಿ ಬಂದು ಪಾತಿ ಮಾಡಿಕೊಟ್ಟವನು. ಗೇಟು ಹಾಕಿಸಿದ್ದು ತಪ್ಪೇ? ಮಧ್ಯಾಹ್ನ ಇದೇ ಕೆಂಚಯ್ಯನ ಫೋನು, ಆನೆ ಕೋಡಿಹಳ್ಳಿ ಕಡೆಯ ಹೊಲಕ್ಕೆ ಇಳಿದೈತೆ, ಐಕಳು ಹುಷಾರು ಅಂತ, ಮೇಲಿನವರಿಗೆ ಫೋನು ಮಾಡಿದರೆ ಅಲ್ಲಿನ ಪರಿಸ್ಥಿತಿ ನೋಡಿಕೊಂಡು ನೀವೇ ತೀರ್ಮಾನ ಮಾಡಿ ಎಂಬ ಉತ್ತರ, ಬೇಗ ಬಿಟ್ಟುಬಿಡೋಣ ಮೇಡಂ ಅಂದರು ಮೇಷ್ಟ್ರುಗಳು, ಅವರಿಗೆ ಕನಕಪುರದ ಬಸ್ಸಿನ ಚಿಂತೆ, ಆದರೆ ಮಕ್ಕಳು ಹೋಗುವುದು ನಡೆದು, ಆ ಹುಣಸೆಮರದ ತಿರುವಲ್ಲೇ, ಗುಂಪುಗುಂಪಾಗಿ, ಕೇಕೆ ಹಾಕಿಕೊಂಡು, ಆನೆ ದಾರಿ ಬಿಡುವ ತನಕ ಒಬ್ಬರೂ ಆಚೆ ಹೋಗಕೂಡದು ಅಂತ ತಾನೇ ನಿಂತು ಗೇಟಿಗೆ ಬೀಗ ಹಾಕಿಸಿದಳು, ಮಕ್ಕಳ ಮನೆಗಳಿಗೆಲ್ಲ ಫೋನು ಮಾಡಿಸಿದಳು, ಹೊಲದಲ್ಲಿದ್ದ ಕೆಲವರು ಎತ್ತಲಿಲ್ಲ, ಚೆಲುವಯ್ಯನೂ ಎತ್ತಲಿಲ್ಲ. ಆಗ ಮಾದೇವಿ ಬಂದಿದ್ದಳು ಬಾಗಿಲ ಹತ್ತಿರ, ಬ್ಯಾಗು ತಗುಲಿಸಿಕೊಂಡೇ, ಮಿಸ್, ನಾ ಹೊತ್ತಿಗೆ ಸರಿಯಾಗಿ ಹೋಗ್ನಿಲ್ಲ ಅಂದ್ರೆ ನಮ್ಮಪ್ಪ ಹುಡುಕ್ಕೊಂಡು ಬಂದ್ಬುಡುತ್ತೆ. ಬರ್ಲಿ ಬಿಡಮ್ಮ, ಬಂದ್ರೆ ಜೊತೇಲೇ ಕಳಿಸ್ತೀನಿ — ಎಷ್ಟು ಸಲೀಸಾಗಿ ಅಂದಿದ್ದಳು, ತಲೆ ಕೂಡ ಎತ್ತದೆ.

ಬರ್ಲಿ ಬಿಡಮ್ಮ. ಕೆಂಚಯ್ಯ ಇನ್ನೂ ಏನೋ ಹೇಳುತ್ತಿದ್ದಾನೆ, ನಾವು ಓಡೋಗಿ ನೋಡ್ದಾಗ ಗಾಡಿ ಮಗ್ಗುಲಾಗಿತ್ತು ಮೇಡಂ, ಹಿಂದಿನ ಚಕ್ರ ಇನ್ನೂ ತಿರುಗ್ತಾನೇ ಇತ್ತು, ಇದನ್ನು ಯಾಕೆ ಹೇಳಿದನೋ, ಹೇಳದಿದ್ದರೆ ಆಗುತ್ತಿರಲಿಲ್ಲವೇ, ಅವಳು ಆ ತಿರುವಿಗೆ ಹೋಗಿಲ್ಲ, ಆದರೂ ಕಾಣುತ್ತಿದೆ, ಹಳೇ ಟಿವಿಎಸ್ಸು, ಕೆಸರು ಮೆತ್ತಿದ ಚಕ್ರ, ಮಗಳನ್ನು ಕೂರಿಸಿಕೊಳ್ಳಲೆಂದು ಸೀಟಿಗೆ ಕಟ್ಟಿದ ಗೋಣಿಚೀಲ. ಸಲಗ ಕಾಡು ಹತ್ತಿದೆಯಂತೆ, ಇನ್ನು ಐಕಳನ್ನ ಕಳಿಸಬಹುದು ಅನ್ನುತ್ತಾನೆ, ಇಲ್ಲ, ಕಳಿಸುವುದಿಲ್ಲ, ನಿಮ್ಮ ಜೀಪು ಬರಲಿ, ಒಬ್ಬೊಬ್ಬರನ್ನೂ ಮನೆ ಬಾಗಿಲಲ್ಲಿ ಇಳಿಸಬೇಕು, ದನಿ ಗಟ್ಟಿಯಾಗಿಯೇ ಬಂತು, ಆಶ್ಚರ್ಯ. ಮಕ್ಕಳೆಲ್ಲ ಜೀವಂತವಾಗಿವೆ. ನಾಳೆ ಯಾರಾದರೂ ಕೇಳಿದರೆ ಸರಿಯಾದ ತೀರ್ಮಾನ ಮೇಡಂ ಅನ್ನುತ್ತಾರೆ, ಶಾಲು ಹೊದಿಸಿದರೂ ಹೊದಿಸಿಯಾರು, ಆ ಹುಡುಗಿಯ ಎದುರಿಗೆ. ಮಾದೇವಿಗೆ ಈಗ ಹೇಳಬೇಡಿ, ಮನೆಯವರು ಬಂದು ಹೇಳಲಿ ಅನ್ನುತ್ತಿದ್ದಾರೆ ಬಾಗಿಲಲ್ಲಿ ನಿಂತ ಮೇಷ್ಟ್ರುಗಳು, ಇಲ್ಲ, ಗೇಟು ಹಾಕಿಸಿದವಳು ತಾನು, ತಾನೇ ಹೇಳಬೇಕು.

ಎದ್ದಳು. ಜಗುಲಿಯುದ್ದಕ್ಕೂ ಮಕ್ಕಳು ತಟ್ಟೆ ಹಿಡಿದು ಕೂತಿವೆ, ಯಾರೋ ಆನೆಯ ಥರ ಘೀಳಿಡುತ್ತಾರೆ, ಎಲ್ಲ ನಗುತ್ತಾರೆ, ಕಂಬದ ಹತ್ತಿರ ಮಾದೇವಿ, ಬಾಯಲ್ಲಿದ್ದದ್ದನ್ನು ಬೇಗ ನುಂಗಿ ಎದ್ದು ನಿಂತಳು, ನಮ್ಮಪ್ಪ ಬಂತಾ ಮಿಸ್? ಬಾಮ್ಮ ಇಲ್ಲಿ, ಅಂದಳು ಗಂಗಲಕ್ಷ್ಮಮ್ಮ, ಅವಳ ಎಂಜಲು ಕೈಯನ್ನೇ ಹಿಡಿದುಕೊಂಡಳು, ಮಾದೇವಿ, ನಿಮ್ಮಪ್ಪ — ಹೇಳಿಬಿಡಬೇಕು, ನಿಮ್ಮಪ್ಪ ನಿನ್ನನ್ನ ಕರ್ಕೊಂಡು ಹೋಗೋಕೆ — ಹುಡುಗಿಯ ಮುಖ ಮಬ್ಬಾಗುತ್ತಿದೆ, ಜಗುಲಿಯ ಮಕ್ಕಳ ನಗು ದೂರ ಹೋಗುತ್ತಿದೆ, ಎದುರಿಗೆ ಬರೀ ಚಕ್ರ, ಮಗ್ಗುಲಾದ ಗಾಡಿಯ ಚಕ್ರ, ನೆಲ ಮುಟ್ಟದೆ ತಿರುಗುತ್ತಿದೆ, ತಿರುಗುತ್ತಲೇ ಇದೆ.