ಸೀತಾರಾಮ ಮೇಷ್ಟ್ರ ಸಮವೇಗ

ನಿಧಾನವಾಗಿ ಹೊರಟು, ಬರಬರುತ್ತಾ ಹೆಜ್ಜೆ ಕಿರಿದಾಗಿ, ಕಿರಿದಾದಷ್ಟೂ ಚುರುಕಾಗಿ, ಕೊನೆಗೆ ಯಾರೋ ಬೆನ್ನಿಗೆ ಕೈಯಿಟ್ಟು ನೂಕಿದ ಹಾಗೆ ಮುಗ್ಗರಿಸಿಕೊಂಡು ಬರುವ ನಡಿಗೆ ಸೀತಾರಾಮ ಮೇಷ್ಟ್ರದು. ಮಗನಿಗೆ ಬ್ಯಾಂಕಿನಲ್ಲಿ ವರ್ಗವಾಗಿ ನಾವು ಸೂರತ್‌ನಿಂದ ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಗೆ ಬಂದ ದಿನ ಅವರು ಪಕ್ಕದ ಮನೆಯಿಂದ ಹಾಗೆಯೇ ಬಂದು, ಆಗಷ್ಟೇ ಲಾರಿಯಿಂದ ಇಳಿಸಿದ್ದ ನಮ್ಮ ಬೀರುವನ್ನು ತಬ್ಬಿಕೊಂಡು ನಿಂತರು. ನಾನು ಮೊಮ್ಮಗಳು ಅರ್ಚಿತಾಳನ್ನು ಕನ್ನಡದಲ್ಲಿ ಗದರಿದ್ದು ಕೇಳಿಸಿತ್ತಂತೆ. “ಕ್ಷಮಿಸಿ ತಾಯಿ, ವೇಗೋತ್ಕರ್ಷ ಜಾಸ್ತಿ, ವೇಗ ಏರ್ತಾನೇ ಹೋಗತ್ತೆ, ಬ್ರೇಕಿಲ್ಲ” ಎಂದು ನಕ್ಕು, “ಎಲ್ಲಿಂದ ಎಲ್ಲಿಗೆ?” ಎಂದರು.

ಯಾರನ್ನು ಕಂಡರೂ ಅದೇ ಪ್ರಶ್ನೆ. ಯಾವ ದಾರಿಯಲ್ಲಿ ಸುತ್ತಿದಿರಿ ಎನ್ನುವುದು ಅವರಿಗೆ ಬೇಡ. ಹೊರಟ ಜಾಗ, ಮುಟ್ಟಿದ ಜಾಗ, ನಡುವಿನ ನೇರ ಗೆರೆ, ಅದೇ ಸ್ಥಾನಪಲ್ಲಟ. ನಾನು ತರಕಾರಿ ತಂದು ಬಾಗಿಲು ತೆಗೆಯುವಾಗ, “ಇಷ್ಟು ನಡೆದು ಹೊರಟಲ್ಲಿಗೇ ಬಂದಿರಿ, ಸ್ಥಾನಪಲ್ಲಟ ಸೊನ್ನೆ ತಾಯೀ!” ಎಂದು ಕೆಣಕುವರು. “ಪಲ್ಯ ಮಾತ್ರ ಸೊನ್ನೆಯಲ್ಲ” ಎನ್ನುತ್ತಿದ್ದೆ ನಾನು.

ವಡೋದರಾದಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ನಡಿಗೆ ಕೆಡಿಸುವ ಪಾರ್ಕಿನ್ಸನ್ ಕಾಯಿಲೆ ಬಂದ ಮೇಲೂ ಕಂದು ಸ್ವೆಟರಿನ ಜೇಬಿನಲ್ಲಿ ಸೀಮೆಸುಣ್ಣ ತಪ್ಪಿದ್ದಲ್ಲ. ಭಾನುವಾರ ನಮ್ಮ ಹೌಸಿಂಗ್ ಸೊಸೈಟಿಯ ಓಣಿಯೇ ಅವರ ತರಗತಿ, ಮಕ್ಕಳೇ ಚಲಿಸುವ ಕಾಯಗಳು. ಮಳೆಗಾಲ ಕಳೆದ ಹೊಸತರಲ್ಲಿ ಅಲ್ಲಿಯೇ ಬಿದ್ದು ಹುಬ್ಬು ಒಡೆದುಕೊಂಡರು. ವಡೋದರಾದಿಂದ ಓಡಿಬಂದ ಮಗಳು ತಾರಾ ಖಂಡಿತವಾಗಿ ಹೇಳಿದಳು: “ಇನ್ನೊಂದು ಸಲ ಬಿದ್ರೆ ನಮ್ಮನೆಗೆ ಬರೋದೇ ಅಪ್ಪಾ. ಗಾಲಿಕುರ್ಚಿ, ಮುಗೀತು.” ಮೇಷ್ಟ್ರು ಸೀಮೆಸುಣ್ಣವಿದ್ದ ಸ್ವೆಟರಿನ ಜೇಬನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಹೊಲಿಗೆ ಬಿಚ್ಚಿಸಿಕೊಂಡು ಬಂದ ದಿನ ಮಾತ್ರ ಅವರ ಮುಖ ಅರಳಿತ್ತು. ಫುಟ್‌ಪಾತಿನಲ್ಲಿ ನೆಲಕ್ಕೆ ಕಚ್ಚಿಕೊಂಡು ನಿಂತ ಕಾಲು, ರಸ್ತೆ ದಾಟುವ ಬಿಳಿ ಪಟ್ಟೆಗಳ ಮೇಲೆ ಸಲೀಸಾಗಿ ಎದ್ದಿತಂತೆ! “ಕಣ್ಣಿಗೊಂದು ಗೆರೆ ಸಿಕ್ಕರೆ ಕಾಲು ಕೇಳತ್ತೆ ತಾಯಿ, ಏನು ವಿಚಿತ್ರ!”

ನನಗೆ ಅಕ್ಷರ ಅಷ್ಟಕ್ಕಷ್ಟೆ, ರಂಗೋಲಿ ಕೈಗೆ ಬಂದದ್ದು. ಮರುದಿನ ಬೆಳಗ್ಗೆ ಅವರ ಬಾಗಿಲಿನಿಂದ ಗೇಟಿನವರೆಗೆ, ಎರಡೆರಡು ಗೇಣಿಗೆ ಒಂದರಂತೆ, ಅಡ್ಡಗೆರೆ ಎಳೆದೆ. ಕಾರುಗಳು ಅಳಿಸುತ್ತಿದ್ದವು, ಬೆಳಗಾದರೆ ಮತ್ತೆ ಎಳೆಯುತ್ತಿದ್ದೆ. ಅವರು ಗೆರೆಗೊಂದು ಹೆಜ್ಜೆಯಿಟ್ಟು ದಿನವೂ ಅಭ್ಯಾಸ ಮಾಡಿದರು.

ತಾರಾ ಮತ್ತೆ ಬಂದ ಭಾನುವಾರ ಗೇಟಿನ ಬಳಿ ನಿಂತು ತುಟಿ ಕಚ್ಚಿ ನೋಡಿದಳು. ಮೇಷ್ಟ್ರು ಗೆರೆಗಳ ಮೇಲೆ ಹೊರಟರು; ಅವರು ದಾಟಿದ ಒಂದೊಂದು ದೀಪದ ಕಂಬಕ್ಕೂ ಅರ್ಚಿತಾ ಮೊಬೈಲ್ ಹಿಡಿದು ಸಮಯ ಕೂಗಿದಳು. ನಡುವೆ ಒಮ್ಮೆ ಅವರ ಬೆನ್ನು ಮುಂದಕ್ಕೆ ವಾಲಿತು. “ದಾದಾ ಫಾಸ್ಟ್ ಆಗ್ತಿದಾರೆ ಅಜ್ಜೀ, ರೋಕೋ, ಹಿಡ್ಕೋ!” ಎಂದು ಅರ್ಚಿತಾ ಚೀರಿದಳು; ದಾದಾ ಎಂದರೆ ಅವಳಿಗೆ ಮೇಷ್ಟ್ರಜ್ಜ. “ಮುಟ್ಟಬೇಡ್ರೋ!” ಎಂದ ಮೇಷ್ಟ್ರು ಮುಂದಿನ ಗೆರೆಯ ಮೇಲೆ ಕಣ್ಣು ನೆಟ್ಟು ನಿಂತರು, ಬೆನ್ನು ನೆಟ್ಟಗೆ ಮಾಡಿಕೊಂಡರು, ಮತ್ತೆ ಹೊರಟರು. ಅಲ್ಲಿಂದಾಚೆ ಕಂಬದಿಂದ ಕಂಬಕ್ಕೆ ಒಂದೇ ಸಮಯ. ಗೇಟು ಮುಟ್ಟಿ, ಮಕ್ಕಳ ಕಡೆ ತಿರುಗಿ, “ಈಗ ವೇಗೋತ್ಕರ್ಷ ಎಷ್ಟು?” ಎಂದರು. “ಝೀರೋ!” ಎಂದು ಓಣಿಯೇ ಕೂಗಿತು. ಸೊನ್ನೆಗೆ ಜನ ಅಷ್ಟು ಸಂತೋಷಪಟ್ಟದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ತಾರಾ ಕಣ್ಣೊರೆಸಿಕೊಂಡು, “ಆಯ್ತು ಮಾರಾಯ, ಇಲ್ಲೇ ಇರು” ಎಂದಳು.

ಕಲಿಸುವುದೇ ಉಸಿರಾದವರು ತಮ್ಮ ದೇಹದ ಕೇಡನ್ನೂ ಪಾಠದ ಉದಾಹರಣೆಯಾಗಿ ಮಕ್ಕಳ ಮುಂದಿಡುತ್ತಾರೆ. ಹಾಗೆ ಇಟ್ಟಾಗ ಅದು ಅವರೊಬ್ಬರ ಭಾರವಾಗಿ ಉಳಿಯುವುದಿಲ್ಲ. ನಿನ್ನೆ ಸಂಜೆ ಗೇಟು ಮುಟ್ಟಿ ಬಂದ ಮೇಷ್ಟ್ರು ನನ್ನ ರಂಗೋಲಿ ಡಬ್ಬಿಯತ್ತ ನೋಡಿ ಮೆಲ್ಲಗೆ ಕೇಳಿದರು:

“ನಾಳೆ ಗೆರೆಗೂ ಗೆರೆಗೂ ಇನ್ನೊಂದು ಬೆರಳು ಜಾಗ ಬಿಡ್ತೀರಾ, ತಾಯಿ?”