ಕೆಂಪು ಕಾರಿನ ವೇಗ

ಕೊನೆಯ ತಿರುವಿನಲ್ಲಿ ಕೆಂಪು ಕಾರು ಇವತ್ತೂ ಮುನೀಂದ್ರನನ್ನು ಹಿಂದೆ ಹಾಕಿತು. ಅವನು ಪ್ಲಾಸ್ಟಿಕ್ ಸ್ಟೀರಿಂಗ್ ಬಿಟ್ಟು, ಟಿ.ವಿ. ನೋಡುವ ಬದಲು ಅಡುಗೆಮನೆಯ ಬಾಗಿಲು ನೋಡಿದ. ಹೆಂಡತಿ ವನಿತಾ ಸೊಪ್ಪು ಬಿಡಿಸುತ್ತ ಕೂತಿದ್ದಳು. ಅವಳ ಮುಖದಲ್ಲಿ ಏನೂ ಇರಲಿಲ್ಲ. ಅದೇ ಅವನಿಗೆ ಅನುಮಾನ.

"ಸೋತ್ರಾ?"

"ನಿಂಗೆ ಗೊತ್ತಿರ್ಬೇಕಲ್ಲ."

ಲಕ್ವ ಹೊಡೆದು ಎಡಗೈ ಬಲ ಕಳೆದುಕೊಳ್ಳುವವರೆಗೆ ಮುನೀಂದ್ರ ವೀರಬಸಪ್ಪನವರ ಸ್ಕೂಲ್ ವ್ಯಾನ್ ಓಡಿಸುತ್ತಿದ್ದ. ಅಮೃತಹಳ್ಳಿಯ ಮಕ್ಕಳನ್ನೆಲ್ಲ ತುಂಬಿಕೊಂಡು ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಒಂದು ಗೀರೂ ಬೀಳದಂತೆ ನುಸುಳುತ್ತಿದ್ದವನು. ಕೈಗೆ ವ್ಯಾಯಾಮವಾಗಲಿ ಎಂದು ವನಿತಾಳ ತಮ್ಮ ವಿಜಯ್ ಕುಮಾರ್ ತನ್ನ ಹಳೆಯ ವಿಡಿಯೋ ಗೇಮನ್ನು ಸ್ಟೀರಿಂಗ್ ಸಮೇತ ತಂದುಕೊಟ್ಟ. ಕೆಂಪು ಕಾರನ್ನು ಓಡಿಸುವುದು ಕಂಪ್ಯೂಟರ್. ಅದರ ವೇಗವನ್ನು ಒಂದರಿಂದ ಹತ್ತರವರೆಗೆ ನಾವೇ ಇಡಬಹುದು. ಭಾವನಿಗೆ ಐದು ಸಾಕು ಎಂದು ಅಕ್ಕನಿಗೆ ಎಲ್ಲ ತೋರಿಸಿಕೊಟ್ಟು ಹೋದ. ಆ ಗುಂಡಿಗಳ ತಂಟೆಗೆ ಮುನೀಂದ್ರ ಹೋದವನಲ್ಲ; ಅವನಿಗೆ ಗೊತ್ತಿದ್ದದ್ದು ಸ್ಟೀರಿಂಗ್ ಒಂದೇ.

"ಇದನ್ನ ಸೋಲಿಸಿದ ದಿನಾನೇ ಹೋಗಿ ವ್ಯಾನ್ ಕೀ ಇಸ್ಕೊಂಡ್ಬರ್ತೀನಿ," ಎಂದು ಅಂದೇ ಸಾರಿಬಿಟ್ಟಿದ್ದ.

"ಮಕ್ಕಳಿರೋ ಗಾಡಿ ಕಣ್ರೀ, ಬೇಡ," ಎಂದು ವನಿತಾ ಅಡ್ಡ ಬಾಯಿ ಹಾಕಿದ್ದಳು.

ಮೊದಮೊದಲು ಕೆಂಪು ಕಾರು ಕಣ್ಣಿಗೇ ಸಿಗುತ್ತಿರಲಿಲ್ಲ. ಆಮೇಲೆ ಅದರ ಹಿಂದಿನ ದೀಪ ಕಾಣತೊಡಗಿತು. ಬರಬರುತ್ತ ಅದರ ಪಕ್ಕಕ್ಕೇ ಬಂದ. ಕೈಗೆ ಬಲ ಬರುತ್ತಿದೆ ಎಂದು ಹಿಗ್ಗಿದ. ಆದರೆ ಗೆಲುವು ಮಾತ್ರ ಇಲ್ಲ. ದಿನವೂ ಕೂದಲೆಳೆಯಲ್ಲಿ ಸೋಲು. ಇಷ್ಟು ಸುಧಾರಿಸಿದ ಕೈ ಅಷ್ಟಕ್ಕೇ ನಿಲ್ಲುವುದುಂಟೆ? ಇವಳೇ ಕಳ್ಳತನದಲ್ಲಿ ವೇಗ ಏರಿಸುತ್ತಿದ್ದಾಳೆ. ಕೆಲಸಕ್ಕೆ ಬರುತ್ತೀಯೋ ಇಲ್ಲವೋ, ಶಾಲೆ ಶುರುವಾಗುವ ಮೊದಲು ಒಂದು ಮಾತು ಹೇಳು ಎಂದು ವೀರಬಸಪ್ಪನವರು ಬೇರೆ ಫೋನ್ ಮಾಡಿದ್ದರು. ಅನುಮಾನಕ್ಕೆ ಮದ್ದಿಲ್ಲ ಎನ್ನುತ್ತಾರೆ. ಮುನೀಂದ್ರನಿಗೆ ಮದ್ದು ಬೇಕಾಗಿಯೂ ಇರಲಿಲ್ಲ, ಕಳ್ಳಿ ಸಿಕ್ಕಿಬಿದ್ದರೆ ಸಾಕಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಭಾಮೈದ ಹಲ್ಲು ಕಿರಿದಾನೆಂದು ಅನುಮಾನವನ್ನು ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ.

ಮಾರನೆಯ ಬೆಳಿಗ್ಗೆ ಕಟಿಂಗ್ ಮಾಡಿಸಿಕೊಂಡು ಬರುತ್ತೇನೆಂದು ಹೊರಟು, ಬೀದಿಯ ತುದಿಯಿಂದಲೇ ತಿರುಗಿ ಹಿತ್ತಲ ಬಾಗಿಲಿನಿಂದ ಒಳಗೆ ಬಂದ. ವನಿತಾ ಟಿ.ವಿ. ಮುಂದೆ ಕೂತು ಗುಂಡಿ ಒತ್ತುತ್ತಿದ್ದಳು. ಫೋನಿನ ಆ ಕಡೆ ತಮ್ಮ.

"ಅವರಿಗೆ ಗೊತ್ತಾಗ್ಬಾರ್ದು ಕಣೋ," ಎನ್ನುತ್ತಿದ್ದಳು.

"ಗೊತ್ತಾಯ್ತು!" ಮುನೀಂದ್ರ ಅಬ್ಬರಿಸಿದ. "ಎಷ್ಟಕ್ಕೆ ಏರ್ಸಿದೀಯ? ಹತ್ತಕ್ಕಾ? ಗಂಡ ಮೂಲೇಲಿ ಬಿದ್ದಿರ್ಲಿ ಅಂತಾನಾ?"

ಅವಳು ಬೆಚ್ಚಿ ಫೋನ್ ಕೆಳಗಿಟ್ಟಳು. ಪರದೆಯನ್ನು ಮರೆಮಾಡಲು ಎದ್ದಳು. ಅವನು ಬಲಗೈಯಿಂದ ಅವಳ ತೋಳು ಹಿಡಿದು ಸರಿಸಿದ.

ಪರದೆಯ ಮೇಲೆ ಒಂದು ಎಂದಿತ್ತು.

ಅದಕ್ಕಿಂತ ಕೆಳಗೆ ಅಂಕಿಯೇ ಇರಲಿಲ್ಲ.

"ಯಾವಾಗಿಂದ?" ಅವನ ಸ್ವರ ಇಳಿದಿತ್ತು.

"ಒಂದೊಂದೇ ಇಳಿಸ್ತಾ ಬಂದೆ. ಒಂದಕ್ಕಿಟ್ಟು ಎರಡು ವಾರ ಆಯ್ತು. ಇನ್ನೂ ಇಳಿಸೋಕಾಗುತ್ತಾ ಅಂತ ಇವನನ್ನ ಕೇಳ್ತಿದ್ದೆ." ವನಿತಾ ಸೆರಗಿನಿಂದ ಮುಖ ಒರೆಸಿಕೊಂಡಳು. "ಸೋತ ದಿನ ನೀವು ಊಟ ಬಿಡ್ತೀರಿ. ಒಂದ್ಸಲ ಗೆದ್ಬಿಡ್ಲಿ ಅಂತ."

"ಗೆದ್ದು ವ್ಯಾನ್ ಹತ್ತಿದ್ರೆ?"

"ಕಾಲ್ ಹಿಡ್ಕೊಂಡಾದ್ರೂ ನಿಲ್ಲಿಸ್ತಿದ್ದೆ."

ಅವನಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಕೂತು, ಎಡಗೈಯನ್ನು ಬಲಗೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ.

"ವೀರಬಸಪ್ಪನೋರಿಗೆ ನೀನೇ ಫೋನ್ ಮಾಡು," ಎಂದ. "ಬೇರೆ ಡ್ರೈವರ್ ನೋಡ್ಕೊಳ್ಳೋಕೆ ಹೇಳು. ನಂಗೆ ಬಾಯಿ ಬರಲ್ಲ."

ಅವಳು ತಲೆಯಾಡಿಸಿದಳು.

"ಇದನ್ನ ಐದಕ್ಕೇ ಇಡು."

ವನಿತಾ ಗುಂಡಿ ಒತ್ತಿದಳು. ಕೆಂಪು ಕಾರು ಮೊದಲ ತಿರುವಿನಲ್ಲೇ ಕಣ್ಮರೆಯಾಯಿತು. ಖಾಲಿ ರಸ್ತೆಯಲ್ಲಿ ಮುನೀಂದ್ರ ನಿಧಾನವಾಗಿ ಹೋದ. ಸ್ಟೀರಿಂಗಿನಿಂದ ಜಾರುತ್ತಿದ್ದ ಅವನ ಎಡಗೈಯನ್ನು ವನಿತಾ ಪ್ರತಿ ತಿರುವಿನಲ್ಲೂ ಎತ್ತಿ ಇಡುತ್ತಿದ್ದಳು.