ಮಂಚದ ಕೆಳಗಿನ ಬೂಟು

ಮತ್ತೆ ಕಚ್ಚಿತು, ಎಡಗಾಲಿನ ಹಿಮ್ಮಡಿಯ ಮೇಲೆ, ಬೂಟಿನ ಬಟ್ಟೆ ಮಡಿಚಿಕೊಂಡಿರುವ ಆ ಜಾಗ, ಹೆಜ್ಜೆ ಊರಿದರೆ ಕಚ್ಚುತ್ತದೆ, ಎತ್ತಿದರೆ ಬಿಡುತ್ತದೆ, ಕಚ್ಚಲಿ, ಎಷ್ಟು ಕಚ್ಚುತ್ತದೋ ನೋಡಿಯೇ ಬಿಡುತ್ತೇನೆ ಎಂದು ಶಿವಲಿಂಗವ್ವ ಇನ್ನಷ್ಟು ಬೀಸಾಗಿ ಕಾಲು ಹಾಕಿದಳು — ಇದೇನು ತಾನಾಗಿ ಬಿದ್ದ ಮಡಿಕೆಯೇ, ಮಂಗಳವಾರದಿಂದ ಶುಕ್ರವಾರದ ತನಕ ಮಂಚದ ಕೆಳಗೆ ಟ್ರಂಕಿಗೂ ಗೋಡೆಗೂ ನಡುವೆ ಮುದುಡಿಕೊಂಡಿದ್ದ ಬೂಟು, ತಾನೇ ನಡೆದು ಹೋಗಿ ಅಲ್ಲಿ ಸೇರಿದ್ದಲ್ಲ, ಒಂದು ಹೆಬ್ಬೆರಳು ಅದನ್ನು ತಳ್ಳಿತ್ತು, ಮೆತ್ತಗೆ, ಸದ್ದಾಗದ ಹಾಗೆ, ಆ ಬೆರಳಿನ ಧಣಿಯ ಕಣ್ಣು ಗೋಡೆಯ ಮೇಲಿನ ಕ್ಯಾಲೆಂಡರಿನ ಮೇಲಿತ್ತು. ಬೆಳಕು ಪೂರ್ತಿ ಹರಿದಿಲ್ಲ, ಇಳಕಲ್ಲಿನ ಕೊನೆಯ ಓಣಿಯ ಮಗ್ಗಗಳ ಸದ್ದು ಬೆನ್ನ ಹಿಂದೆ ಸಣ್ಣಗಾಗುತ್ತಿದೆ, ಗಣಿಯಿಂದ ತಂದು ರಸ್ತೆ ಬದಿಗೆ ಉರುಳಿಸಿದ ಕೆಂಪು ಕಲ್ಲಿನ ದಿಮ್ಮಿಗಳು ಇಬ್ಬನಿಗೆ ಒದ್ದೆಯಾಗಿವೆ, ಆಚೆ ಈಚೆ ಬಿಳಿಜೋಳ ತೆನೆ ಹೊತ್ತು ನಿಂತಿದೆ, ಅವಳು ಸೀರೆಯನ್ನು ಹೊಲದ ಹೆಣ್ಣುಮಕ್ಕಳ ಹಾಗೆ ಕಚ್ಚೆ ಹಾಕಿ ಬಿಗಿದಿದ್ದಾಳೆ, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಾಳೆ, ಕೊರಳ ಗುಂಡಗಡಗಿ ಎದೆಗೆ ಬಡಿಯಬಾರದೆಂದು, ಅದರೊಳಗಿನ ಲಿಂಗಕ್ಕೂ ಕುಲುಕಾಟವಾಗಬಾರದೆಂದು, ಮೇಲಿಂದ ಒಂದು ಬಟ್ಟೆಪಟ್ಟಿ ಸುತ್ತಿಕೊಂಡಿದ್ದಾಳೆ, ಇಷ್ಟೆಲ್ಲ ಜತನ ಮಾಡಿಕೊಂಡು ಓಡುವವಳನ್ನು — ಇರಲಿ, ಉಸಿರು, ಉಸಿರನ್ನು ಮೊದಲು ಹದಕ್ಕೆ ತರಬೇಕು. ಇವತ್ತು ಶನಿವಾರ, ಓಡಲೇಬಾರದಿತ್ತು. ನಾಳೆ ಬಾಗಲಕೋಟೆಯಲ್ಲಿ ಹೆಣ್ಣುಮಕ್ಕಳ ರಸ್ತೆ ಓಟ, ಕಾಲೇಜಿನಲ್ಲಿ ಆಟ ಕಲಿಸಿದ್ದ ಜಲಾಲುದ್ದೀನ ಮಾಸ್ತರು ವಾರದ ಪಾಠವನ್ನೆಲ್ಲ ಬಸ್‌ಸ್ಟ್ಯಾಂಡಿನಲ್ಲಿ ನಿಂತೇ ಹೇಳಿಕೊಟ್ಟಿದ್ದರು, ಸೋಮವಾರ ಉದ್ದಕ್ಕೆ, ಮಂಗಳವಾರ ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಜೋರಾಗಿ, ಮುಂದಿನ ಕಂಬಕ್ಕೆ ಮೆತ್ತಗೆ, ಆಮೇಲೆ ದಿನದಿನಕ್ಕೂ ಕಡಿಮೆ, ಶನಿವಾರ ಬರೇ ನಡೀಬೇಕವಾ, ಕಾಲಂದ್ರ ಹೆಪ್ಪು ಹಾಕಿದ ಹಾಲಿದ್ದಂಗ, ಅಲುಗಾಡಿಸಬ್ಯಾಡ. ಮಾಸ್ತರ, ಹೆಪ್ಪು ಹಾಕಿದ ಗಡಿಗೆಯನ್ನು ಒಬ್ಬೊಬ್ಬರೂ ಬಂದು ಒದ್ದು ಹೋಗಿದ್ದಾರೆ, ಇನ್ನೇನು ಅಲುಗಾಡಿಸುವುದು ಉಳಿದಿದೆ.

ಎಲ್ಲ ಆ ಮಂಗಳವಾರದ ಬಸ್ಸಿನಿಂದ. ಈ ದಾರಿ ಗುಡೂರಿಗೆ ಹೋಗುತ್ತದೆ, ಗುಡೂರು ಅವಳ ತವರು, ಆದರೆ ಅವಳು ಈ ದಾರಿ ಹಿಡಿದದ್ದು ತವರಿನ ಆಸೆಗಲ್ಲ, ಹುನಗುಂದದ ರಸ್ತೆಯಲ್ಲಿ ಲಾರಿಗಳ ಕಾಟ, ಹಳ್ಳದ ಕಡೆ ಹೋದರೆ ನಾಯಿಗಳು, ಇದೊಂದೇ ಸಪಾಟಾದ ದಾರಿ, ಇಷ್ಟು ಸಣ್ಣ ಕಾರಣ, ಇಷ್ಟನ್ನು ಯಾರಾದರೂ ಕೇಳಿದ್ದರೆ ಹೇಳುತ್ತಿದ್ದಳು. ಕೇಳಲಿಲ್ಲ. ಮೊದಲ ಬಸ್ಸಿನ ಕಿಟಕಿಯಲ್ಲಿ ಕಂಬಳಿ ಮಾರಿ ಊರಿಗೆ ಹೊರಟಿದ್ದ ಹುಲ್ಲಪ್ಪ ಕೂತಿದ್ದ, ಗುಡೂರಿನವನೇ, ಬೀರಪ್ಪನ ಗುಡಿಯ ಹಿಂದಿನ ಮನೆ, ಇವಳನ್ನು ಕೂಸಿದ್ದಾಗಿಂದ ಬಲ್ಲವನು, ಕೆಟ್ಟವನಲ್ಲ, ಸಂಕಟ ಅದೇ, ಅವನು ಕೆಟ್ಟವನಾಗಿದ್ದರೆ ಒಂದು ಬೈಗುಳಕ್ಕೆ ಮುಗಿಯುತ್ತಿತ್ತು. ಅವಳು ಆಗ ಜೋರು ಕಂಬದಲ್ಲಿದ್ದಳು, ಬಸ್ಸಿನ ಸದ್ದಿಗೆ ಒಮ್ಮೆ ಹಿಂದಿರುಗಿ ನೋಡಿದಳು, ಅಷ್ಟೇ, ಗುಡೂರಿನಲ್ಲಿ ಇಳಿದವನೇ ನೆಟ್ಟಗೆ ಅವ್ವನ ಬಾಗಿಲಿಗೆ ಹೋಗಿ ನಿಂತು, ಅವ್ವಾರ, ನಿಮ್ಮ ಮಗಳು ಗಂಡನ ಮನಿ ಬಿಟ್ಟು ಓಡಿ ಬರಾಕತ್ತಾಳ್ರಿ, ಕೈಯಾಗ ಗಂಟಿಲ್ಲ, ತಲಿ ಮ್ಯಾಲ ಸೆರಗಿಲ್ಲ, ಹಿಂದ ಹಿಂದ ನೋಡಕೋಂತ ಓಡಾಕತ್ತಾಳ. ಬಸ್ಸು ನಿಲ್ಲಿಸೆಂದು ಕಂಡಕ್ಟರನಿಗೂ ಹೇಳಿದ್ದನಂತೆ, ಗಂಡ ಹೆಂಡಿರ ಜಗಳದಾಗ ಸರಕಾರಿ ಬಸ್ಸಿಂದೇನೈತೋ ಮಾರಾಯಾ ಅಂದನಂತೆ ಅವನು, ಇಡೀ ಬಸ್ಸು ನಕ್ಕಿತಂತೆ. ಗಂಡನ ಮನೆಯ ಸೊಸೆ ತವರಿನ ದಾರಿಯಲ್ಲಿ ಓಡುತ್ತಿದ್ದರೆ ಅದಕ್ಕೆ ಬೇರೆ ಅರ್ಥ ಇರುವುದಾದರೂ ಹೇಗೆ, ಹೆಣ್ಣು ಓಡುವುದೆಂದರೆ ಯಾರಿಂದಲೋ ಓಡುವುದು, ಎಲ್ಲಿಗೋ ಓಡುವುದು, ಸುಮ್ಮನೆ ಓಡುವುದೆಂಬುದು ಇವರ ಯಾರ ತಲೆಯಲ್ಲೂ ಇಲ್ಲ. ಅವ್ವ ದಾರಿ ನೋಡಿದಳು, ಮಗಳು ಬರಲಿಲ್ಲ, ಓಡಿ ಹೊರಟವಳು ಬರಲಿಲ್ಲವೆಂದರೆ — ಮುಂದಿನ ಬಸ್ಸಿಗೆ ಕಾಕಾನನ್ನೂ ಮಠದ ಸಂಗಯ್ಯನವರನ್ನೂ ಕರೆದುಕೊಂಡು ಹೊರಟವಳು ದಾರಿಯ ಒಂದೊಂದು ಬಾವಿಯನ್ನೂ ಕಿಟಕಿಯಿಂದ ನೋಡುತ್ತ ಬಂದಳಂತೆ, ಬಾವಿ ಕಟ್ಟೆಯ ಮೇಲೆ ಜನ ಸೇರಿದ್ದಾರೋ ಇಲ್ಲವೋ ಎಂದು. ಅದನ್ನು ನೆನೆದರೆ ಮಾತ್ರ ಶಿವಲಿಂಗವ್ವನ ಸಿಟ್ಟಿಗೆ ಹಿಡಿಯಲು ಜಾಗ ಸಿಗುವುದಿಲ್ಲ, ಅವ್ವನ ಮೇಲೆ ಹೇಗೆ ಸಿಟ್ಟು ಮಾಡುವುದು, ಆದರೂ ಬಾಗಿಲಲ್ಲಿ ನಿಂತು ಎದೆ ಎದೆ ಬಡಿದುಕೊಳ್ಳುತ್ತಿದ್ದವಳು ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಮಗಳನ್ನು ಕಂಡ ಕೂಡಲೆ ಅಳು ನಿಲ್ಲಿಸಿ ಕೇಳಿದ್ದೇನು, ನೀ ಓಡಿ ಬಂದಿಲ್ಲಂದ್ರ ನಾವ್ಯಾಕ ಬಂದ್ವಿ?

ಅದಕ್ಕೆ ಉತ್ತರ ಬೇಕಾಗಿತ್ತು, ಬಂದವರಿಗೆ ಎಲ್ಲರಿಗಿಂತ ಹೆಚ್ಚು ಬೇಕಾಗಿತ್ತು, ಯಾಕೆಂದರೆ ತಕರಾರು ತೀರಿಸಲು ಬಂದ ಹಿರಿಯರು ಅದು ತೀರುವ ತನಕ ಆ ಮನೆಯ ನೀರು ಮುಟ್ಟುವುದಿಲ್ಲ. ಅತ್ತೆ ತಂಬಿಗೆ ಹಿಡಿದುಕೊಂಡು ಬಂದರು, ಸಂಗಯ್ಯನವರು ಅಂಗೈ ಅಡ್ಡ ಹಿಡಿದರು, ಇರ್ಲಿ ತಾಯಿ, ಮೊದ್ಲ ಮಾತು ಮುಗೀಲಿ. ಯಾವ ಮಾತು, ಮಾತೇ ಇರಲಿಲ್ಲವಲ್ಲ, ಜಗಳವೇ ಇರದ ಮನೆಯಲ್ಲಿ ಯಾವುದನ್ನು ಮುಗಿಸುವುದು, ಬಿಸಿಲಲ್ಲಿ ಬಂದವರ ತುಟಿ ಒಣಗಿದೆ, ತಂಬಿಗೆ ನಡುವೆ ಕೂತಿದೆ, ಎಲ್ಲರೂ ಅದನ್ನೇ ನೋಡುತ್ತಿದ್ದಾರೆ, ನೀರು ಕುಡಿಯಬೇಕೆಂದರೆ ಜಗಳವೊಂದನ್ನು ಹುಟ್ಟಿಸಲೇಬೇಕು. ಕಾಕಾ ಹುಟ್ಟಿಸಿದ. ನಮ್ಮ ಹುಡುಗಿಗೆ ತ್ರಾಸ ಇಲ್ಲದ ಓಡ್ತಾಳೇನು ಅಂದ. ಮಾವ ಅಮಾತೆಪ್ಪ, ದಿನಾ ಸಂಜೆ ಸೀರೆ ಅಂಗಡಿಯ ಬಾಗಿಲು ಹಾಕಿಕೊಂಡು ಬಂದು, ಇವತ್ತ ಎಲ್ಲೀತನಕಾ ಹೋಗಿದ್ದೆವ್ವಾ ಎಂದು ಕೇಳುತ್ತಿದ್ದ ಮಾವ, ಗಣಿತನಕ ಎಂದರೆ ಹುಬ್ಬೇರಿಸಿ ನಗುತ್ತಿದ್ದ ಮಾವ, ತಲೆಯ ಮೇಲಿನ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು, ನಮ್ಮ ಕಡಿಂದ ಏನರ ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೋರಿ ಅಂದರು. ಯಾವ ತಪ್ಪು, ಯಾರ ತಪ್ಪು, ಅವಳು ಅಡಿಗೆಮನೆಯ ಬಾಗಿಲಲ್ಲಿ ಹಿಟ್ಟಿನ ಕೈಯಲ್ಲಿ ನಿಂತು ಕೂಗಬೇಕಾಗಿತ್ತು, ಮಾವಾರದೇನೂ ತಪ್ಪಿಲ್ಲ ಎಂದು, ನಾಲಿಗೆ ಮಾತು ಆರಿಸುತ್ತಿತ್ತು, ಯಾವ ಮಾತು ಆಡಿದರೆ ಯಾರಿಗೆ ಚುಚ್ಚುತ್ತದೆ ಎಂದು ಅಳೆಯುತ್ತಿತ್ತು, ಯಾವಾಗಲೂ ಇದೇ, ಅಳೆದು ಮುಗಿಯುವುದರೊಳಗೆ ಸಂತೆ ಮುಗಿದಿರುತ್ತದೆ, ಅಷ್ಟರಲ್ಲಿ ಸಂಗಯ್ಯನವರು ತಕ್ಕಡಿ ಸರಿ ಮಾಡಿಬಿಟ್ಟರು, ಹಿರೀಮನಿಷ್ಯಾ ಇಷ್ಟು ಬಾಗಿದ ಮ್ಯಾಲ ನಮ್ಮ ಹುಡುಗಿನೂ ಒಂದು ಬಿಡಬೇಕಲ್ಲ, ಆ ಓಡೂದೊಂದು ಬಿಟ್ಟಬಿಡ್ಲಿ. ಎಲ್ಲರೂ ಗಂಡನ ಕಡೆ ನೋಡಿದರು. ವಿರೂಪಾಕ್ಷ ಮಂಚದ ತುದಿಗೆ ಕೂತಿದ್ದ, ಹುನಗುಂದದ ಕೋರ್ಟಿನ ಗುಮಾಸ್ತ, ಕೇಳಿದ್ದಕ್ಕೆ ಬಾಯಿ ಬಿಡದವನು ಒಪ್ಪಿಕೊಂಡ ಹಾಗೆ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಈ ಬೂಟನ್ನು ತಾನೇ ಬಾಗಲಕೋಟೆಯ ಪೇಟೆಯಲ್ಲಿ ಹುಡುಕಿ ತಂದವನು, ಹೆಂಗಸರ ಅಳತೆ ಸಿಗದೆ ಗಂಡುಹುಡುಗರದು ತಂದು, ತುದಿಗೆ ಅರಳೆ ತುಂಬಿ, ನೆಲದ ಮೇಲೆ ಕೂತು ದಾರ ಕಟ್ಟಿಕೊಟ್ಟವನು, ಹೆಣ್ಣು ನೋಡಲು ಬಂದಾಗಲೇ, ಓಡ್ರಿ, ಬ್ಯಾಡ ಅನ್ನಾವ್ರು ಯಾರದಾರ ಎಂದು ನಕ್ಕವನು — ಬಾಯಿ ಬಿಡು, ನಾನೇ ಓಡಂದೀನಿ ಅಂತ ಒಂದು ಮಾತು, ಒಂದೇ ಒಂದು, ಅಂಗೈಯಗಲದ ಮಾತು. ಬೂಟು ಅವನ ಕಾಲ ಹತ್ತಿರವೇ ಇತ್ತು, ಹೊಸ್ತಿಲಿಗೂ ಮಂಚದ ಕಾಲಿಗೂ ನಡುವೆ, ದಿನಾ ಇರುತ್ತಿದ್ದ ಜಾಗ, ಬಂದವರ ಚಪ್ಪಲಿಗಳಿಗೆ ಮುಖ ಮಾಡಿ, ಬೆಳ್ಳಗೆ. ಅವನು ಕ್ಯಾಲೆಂಡರು ನೋಡಿದ. ಹೆಬ್ಬೆರಳು ಹೊರಟಿತು. ಮೊದಲು ಒಂದು ಬೂಟು, ಆಮೇಲೆ ಇನ್ನೊಂದು, ಕಸ ಸರಿಸಿದ ಹಾಗೂ ಅಲ್ಲ, ಕಸವನ್ನು ಜನ ನೋಡಿ ಸರಿಸುತ್ತಾರೆ.

ಲಿಂಗ ಮುಟ್ಟಿ ಹೇಳವ್ವಾ ಅಂದರು ಸಂಗಯ್ಯನವರು, ಅವಳ ಕೈ ಗುಂಡಗಡಗಿಯ ತನಕ ಹೋಗಿ ಅಲ್ಲೇ ತಡೆಯಿತು, ಕೇಳಿಸ್ತ್ರಿ ಅಜ್ಜಾರ ಅಂದಳು, ಅಷ್ಟೇ ಅಂದಳು, ಒಪ್ಪಿದೆ ಅನ್ನಲಿಲ್ಲ, ಆದರೆ ಅವರಿಗೆ ಅಷ್ಟೇ ಸಾಕಾಗಿತ್ತು, ತಂಬಿಗೆ ಕೈಯಿಂದ ಕೈಗೆ ಹೋಯಿತು, ಗಟಗಟನೆ ನೀರು ಇಳಿಯುವ ಸದ್ದು, ಕಾಕಾನ ಗಂಟಲ ಗಂಟು ಮೇಲೆ ಕೆಳಗೆ — ಇದೇ ಕಾಕಾ, ಬಾದಾಮಿಯಲ್ಲಿ, ಕಾಲೇಜುಗಳ ಓಟದಲ್ಲಿ, ಹೊಂಡದ ಏರಿಯ ಮೇಲೆ ಅವಳ ಮುಂದೆ ಯಾರೂ ಇರಲಿಲ್ಲ, ಕೆಂಪು ಗುಡ್ಡದ ನೆರಳು ದಾಟಿದರೆ ಸುಣ್ಣದ ಗೆರೆ, ಹುಡುಗರು ಚಪ್ಪಾಳೆ ತಟ್ಟಿ ಹೆಸರು ಕೂಗುತ್ತಿದ್ದರು, ಆ ಕೂಗಿಗೇ ಸಿಟ್ಟಾಗಿ ಜನರ ನಡುವಿನಿಂದ ಬಂದು ರಟ್ಟೆ ಹಿಡಿದು ಎಳೆದೊಯ್ದ, ಗೆರೆ ಕಾಣುತ್ತಿತ್ತು, ಗೆರೆಯ ಆಚೆ ಜಲಾಲುದ್ದೀನ ಮಾಸ್ತರು ಎರಡೂ ಕೈ ಚಾಚಿ ನಿಂತಿದ್ದರು, ಚಾಚಿದ ಕೈ ಹಾಗೇ ಕೆಳಗಿಳಿದದ್ದೂ ಕಂಡಿತ್ತು. ಒಂದೇ ಒಂದು ಓಟವನ್ನೂ ಅವಳು ಮುಗಿಸಿಲ್ಲ. ಗೆಲ್ಲುವುದು ಯಾರಿಗೆ ಬೇಕಾಗಿದೆ, ಕೊನೆಯವಳಾಗಿಯಾದರೂ ಆ ಗೆರೆಯನ್ನು ತನ್ನ ಕಾಲಿನಿಂದ ತುಳಿದು ಆಚೆ ಹೋಗಬೇಕು, ಆಚೆ ಹೋಗಿ ಏನು ಮಾಡುತ್ತೀ ಎಂದರೆ ಗೊತ್ತಿಲ್ಲ, ನಿಲ್ಲುತ್ತೇನೆ, ನಾನಾಗಿ ನಿಲ್ಲುತ್ತೇನೆ. ಕಚ್ಚಿತು. ಈಗ ಒದ್ದೆಯಾಗಿದೆ, ನೆತ್ತರೇ ಇರಬೇಕು, ನಾಳೆಗೆ ಬೇಕಾದ ಹಿಮ್ಮಡಿ, ಹುಚ್ಚಿ, ಯಾರ ಮೇಲಿನ ಸಿಟ್ಟನ್ನು ಯಾರ ಕಾಲಿನ ಮೇಲೆ ತೀರಿಸುತ್ತೀ, ನಿಧಾನ, ನಿಧಾನ ಎಂದುಕೊಳ್ಳುವಾಗಲೇ ಹಿಂದಿನಿಂದ ಮೊದಲ ಬಸ್ಸಿನ ಬೆಳಕು ಬಂತು, ಅವಳ ನೆರಳು ರಸ್ತೆಯುದ್ದಕ್ಕೂ ಚಾಚಿ ಮುಂದೆ ಓಡಿತು, ಕಿಟಕಿಗಳಲ್ಲಿ ತಲೆಗಳು, ನೋಡಿರಿ, ಕಣ್ಣು ತುಂಬ ನೋಡಿಕೊಳ್ಳಿರಿ, ಇನ್ನೊಮ್ಮೆ ಹೋಗಿ ಹೇಳಿರಿ, ಈ ಸಲ ಅವಳು ಹಿಂದಿರುಗಿ ನೋಡಲಿಲ್ಲ. ಬಸ್ಸು ಹೋದ ಮೇಲೂ ಹಿಂದೆ ಒಂದು ಸದ್ದು ಉಳಿಯಿತು, ಸರಪಳಿಗೆ ಎಣ್ಣೆ ಕಾಣದ ಸೈಕಲ್ಲಿನ ಕಿರಗುಟ್ಟುವಿಕೆ, ಅವಳಿಗೆ ಅದು ತಿರುಗಿ ನೋಡದೆಯೂ ಗೊತ್ತು. ತಡಿ, ನಿಂದರು ಸ್ವಲ್ಪ, ಎಷ್ಟು ಜೋರು ಓಡ್ತೀ. ನಿಲ್ಲಲಿಲ್ಲ. ಪಕ್ಕಕ್ಕೆ ಬಂದು ಸೈಕಲ್ಲು ತುಳಿಯುತ್ತ, ಏದುಸಿರು ಬಿಡುತ್ತ, ರಾತ್ರಿಯೆಲ್ಲ ಲೆಕ್ಕ ಹಾಕಿದ್ದನ್ನು ಒಪ್ಪಿಸುವವನ ಹಾಗೆ ವಿರೂಪಾಕ್ಷ ಹೇಳಿದ, ಸಿಟ್ಟ ಮಾಡಬ್ಯಾಡ, ನಾ ವಿಚಾರ ಮಾಡೀನಿ, ನಾಳಿ ಇಬ್ಬರೂ ಗುಡೂರಿಗೆ ಹೊಂಟೀವಂತ ಮನ್ಯಾಗ ಹೇಳೂಣು, ಹಂಗ ಬಾಗಲಕೋಟಿಗೆ ಹೋಗಿ, ನೀ ಓಡಿ, ಸಂಜೀಕ ಬಂದಬಿಡೂಣು, ಯಾರಿಗೂ ಗೊತ್ತಾಗಂಗಿಲ್ಲ. ಹೇಳಿ ನಕ್ಕ, ಬೂಟು ತಂದುಕೊಟ್ಟ ದಿನ ನಕ್ಕ ಹಾಗೇ, ಅದೇ ಒಳ್ಳೆಯ ನಗು. ಯಾರಿಗೂ ಗೊತ್ತಾಗುವುದಿಲ್ಲ. ಅವಳು ಕದ್ದು ಗೆರೆ ದಾಟಬೇಕು, ಕದ್ದು ಬೆವರಬೇಕು, ಅತ್ತೆಯ ಮುಂದೆ ತವರಿನ ಸುದ್ದಿ ಕಟ್ಟಿ ಹೇಳಬೇಕು, ಹೌದ್ರಿ, ಅವ್ವ ಆರಾಮದಾಳ್ರಿ, ಇವನು ಪಕ್ಕದಲ್ಲಿ ಕೂತು ತಲೆಯಾಡಿಸುತ್ತಾನೆ, ಓಡಿಹೋಗುವವಳಲ್ಲ ಎಂದು ಹೇಳಬೇಕಾದ ಬಾಯಿ ಈಗ ಓಡಿಹೋಗುವುದನ್ನು ಕಲಿಸುತ್ತಿದೆ. ಶಿವಲಿಂಗವ್ವ ನಿಂತಳು. ಅವತ್ತ ಬೂಟು ಯಾಕ ಕಾಲಿಲೆ ನೂಕಿದ್ರಿ? ಅವನು ಒಂದು ಕಾಲು ನೆಲಕ್ಕೂರಿ, ಅವಳ ಮುಖ ನೋಡಿದ, ಸುಳ್ಳು ಹೇಳುವವನ ಮುಖವಲ್ಲ ಅದು, ಖರೆ ಖರೆ ಏನೂ ತಿಳಿಯದ ಮುಖ. ಯಾವ ಬೂಟು?

ನೆನಪಿಲ್ಲ. ಅವನಿಗೆ ನೆನಪೇ ಇಲ್ಲ, ನಾಲ್ಕು ದಿನ ನಾಲ್ಕು ರಾತ್ರಿ ಅವಳ ಕಣ್ಣೊಳಗೆ ತಳ್ಳುತ್ತಲೇ ಇದ್ದ ಬೆರಳು ಅವನಿಗೇ ಗೊತ್ತಿಲ್ಲ, ಬೆರಳು ತಾನಾಗಿ ಮಾಡಿದೆ, ನೊಣ ಓಡಿಸುವ ಕೈಯ ಹಾಗೆ, ಹೆದರಿಕೆ ಅಷ್ಟು ರೂಢಿಯಾಗಿದೆ ಅದಕ್ಕೆ — ಅವಳು ತಿರುಗಿದಳು, ಊರ ಕಡೆ, ಈಗ ಓಡಲಿಲ್ಲ, ಮಾಸ್ತರು ಹೇಳಿದ ಹಾಗೆ ನಡೆದಳು, ಹಿಮ್ಮಡಿ ಕಚ್ಚಿದರೂ ನಡೆದಳು, ಸೈಕಲ್ಲು ಹಿಂದೆ ಕಿರಗುಟ್ಟುತ್ತ ಬಂತು, ಏನಾತು, ಏನರ ತಪ್ಪು ಮಾತಾಡಿದ್ನೇನು ಎಂದು ಕೇಳುತ್ತ ಬಂತು, ಅವಳು ಒಂದು ಮಾತನ್ನು ಆರಿಸುತ್ತಿದ್ದಳು, ಅಳೆಯುತ್ತಿದ್ದಳು, ಯಾರಿಗೆ ಚುಚ್ಚುತ್ತದೆ ಎಂದಲ್ಲ, ಈ ಸಲ ನೆಟ್ಟಗೆ ನಿಲ್ಲುತ್ತದೆಯೇ ಎಂದು. ಓಣಿ ಬಂತು, ಮಗ್ಗಗಳ ಸದ್ದು ಬಂತು, ಪಡಸಾಲೆಯಲ್ಲಿ ಮಾವ ವಿಭೂತಿ ಹಚ್ಚಿಕೊಂಡು ಕೂತಿದ್ದರು, ಅತ್ತೆ ಕಸಬರಿಗೆ ಹಿಡಿದವರು ಸೊಸೆಯ ಕಚ್ಚೆ ನೋಡಿ ಅಲ್ಲೇ ನಿಂತರು. ಅವಳು ಹೊಸ್ತಿಲಲ್ಲಿ ಕೂತು ದಾರ ಬಿಚ್ಚಿದಳು, ಎಡಬೂಟಿನ ಒಳಗೆ ಬಟ್ಟೆ ಕೆಂಪಗಾಗಿತ್ತು, ಮಡಿಕೆಯನ್ನು ಬೆರಳಿನಿಂದ ನೆಟ್ಟಗೆ ಮಾಡಿದಳು, ಎರಡನ್ನೂ ಜೋಡಿಸಿ, ಹೊಸ್ತಿಲಿಗೂ ಮಂಚದ ಕಾಲಿಗೂ ನಡುವೆ, ಮಂಗಳವಾರದ ತನಕ ಇರುತ್ತಿದ್ದ ಜಾಗದಲ್ಲೇ ಇಟ್ಟಳು. ಎದ್ದು ನಿಂತು ಹೇಳಿದಳು, ಮಾವಾರ, ನಾಳಿ ನಾ ಬಾಗಲಕೋಟಿಗೆ ಹೊಂಟೀನ್ರಿ, ಓಡಾಕ. ಕೇಳಿಸ್ತ್ರಿ ಅಂದಿದ್ದೆ, ಬಿಡ್ತೇನಿ ಅಂದಿರಲಿಲ್ಲ. ಅಮಾತೆಪ್ಪ ಬಹಳ ಹೊತ್ತು ಬೂಟು ನೋಡಿದರು, ಆಮೇಲೆ ಸೊಸೆಯ ಹಿಮ್ಮಡಿ ನೋಡಿದರು, ಬೈಯಲಿಲ್ಲ, ಟೊಪ್ಪಿಗೆ ಎತ್ತಿ ತಲೆಗಿಟ್ಟುಕೊಂಡು, ಅವಳನ್ನು ದಾಟಿ ಬಾಗಿಲ ಕಡೆ ನೋಡುತ್ತ ಇಷ್ಟೇ ಕೇಳಿದರು, ಯಾರ ಜೋಡಿ ಹೋಗ್ತೀ? ಹಿಂದೆ ಸೈಕಲ್ಲಿನ ಸ್ಟ್ಯಾಂಡು ಬಿದ್ದ ಸದ್ದು. ಚಪ್ಪಲಿ ಕಳಚಿದ ಸದ್ದು. ಅವಳು ಉತ್ತರ ಕೊಡುವುದಿಲ್ಲ, ಒಬ್ಬಳೇ ಹೋಗುವುದಾದರೆ ಒಬ್ಬಳೇ, ಮೊದಲ ಬಸ್ಸಿಗೆ, ಇದೇ ಕಾಲಿನಲ್ಲಿ, ಅದು ತೀರ್ಮಾನವಾಗಿದೆ, ಆದರೆ ಈ ಪ್ರಶ್ನೆ ಅವಳದಲ್ಲ, ಹಿಂದೆ ಬಂದವನದು, ಅವಳು ಮುಖ ಎತ್ತುವುದಿಲ್ಲ, ಯಾರ ಬಾಯಿಯನ್ನೂ ನೋಡುವುದಿಲ್ಲ, ನೆಲವನ್ನಷ್ಟೇ ನೋಡುತ್ತಾಳೆ, ಬೆಳ್ಳನೆಯ ಬೂಟು, ಹೊಸ್ತಿಲು, ಹೊಸ್ತಿಲು ದಾಟಿ ಒಳಗೆ ಬಂದ ಕಾಲು, ಬೂಟಿನ ಮುಂದೆ ಬಂದು ನಿಂತ ಕಾಲು, ಅದರ ಹೆಬ್ಬೆರಳು, ರಸ್ತೆಯ ಧೂಳು ಮೆತ್ತಿದ ಉಗುರು, ಆ ಹೆಬ್ಬೆರಳು, ಹೆಬ್ಬೆರಳು —